ಅಲಾಸ್ಕಾ ಕ್ರೂಸ್‌ಗೆ ಮಳೆ ಬಿಟ್ಟ ಮೇಲೆ ಹೊರಡೋದಾ?

ಪ್ರಶ್ನೆ: ಮಗಳು ಸಿಯಾಟಲ್‌ನಲ್ಲಿದ್ದಾಳೆ. ಅಲಾಸ್ಕಾ ಕ್ರೂಸ್‌ಗೆ ಕರ್ಕೊಂಡು ಹೋಗ್ತೀನಿ ಅಂತಿದ್ದಾಳೆ. ಅಡಿಕೆ ತೋಟಕ್ಕೆ ಎರಡನೇ ಔಷಧಿ ಹೊಡೆಸಿ, ಮಳೆ ಬಿಟ್ಟ ಮೇಲೆ ಸೆಪ್ಟೆಂಬರ್‌ನಲ್ಲಿ ಹೊರಟರೆ ಆಗಬಹುದಾ? (ತೀರ್ಥಹಳ್ಳಿಯ ಓದುಗರು)

ಸೆಪ್ಟೆಂಬರ್ ಬೇಡ. ಮೇ ತಿಂಗಳಲ್ಲಿ ಹೋಗಿ. ತೀರಾ ತಡ ಅಂದ್ರೆ ಜೂನ್ ಮಧ್ಯದೊಳಗೆ.

ಉತ್ತರ ಇಷ್ಟೇ. ಆದರೆ ಸಾಗರ, ಹೊಸನಗರ, ಕೊಪ್ಪ ಎಲ್ಲಿಂದ ಕೇಳಿದರೂ ಪ್ರಶ್ನೆಯ ಒಳಗೆ ಅದೇ ಮಾತು ಇರುತ್ತದೆ: "ಮಳೆ ಬಿಟ್ಟ ಮೇಲೆ." ಯಾರ ಮಳೆ, ಸ್ವಾಮಿ? ಹುಬ್ಬೆ ಮಳೆ ಮುಗಿದು ಹೊಳವಾಗುವುದು ನಮ್ಮ ಮಲೆನಾಡಿನಲ್ಲಿ. ಅಲಾಸ್ಕಾದ ಆಗ್ನೇಯ ಕರಾವಳಿಯಲ್ಲಿ, ಅಂದರೆ ಹೆಚ್ಚಿನ ಕ್ರೂಸ್‌ಗಳು ಓಡಾಡುವ ಜಾಗದಲ್ಲಿ, ಆ ಹೊತ್ತಿಗೆ ಮಳೆ ಜೋರಾಗುತ್ತಿರುತ್ತದೆ. ಜೂನೋ ಪಟ್ಟಣದ ಲೆಕ್ಕ ನೋಡಿ. ಸೆಪ್ಟೆಂಬರ್‌ನಲ್ಲಿ ಬೀಳುವ ಮಳೆ ಮೇ ತಿಂಗಳಿನ ಎರಡರಷ್ಟಕ್ಕೂ ಜಾಸ್ತಿ. ಜೂನ್, ಜುಲೈ, ಆಗಸ್ಟ್ ಅಂತ ಏರುತ್ತಲೇ ಹೋಗಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ತುದಿ ಮುಟ್ಟುತ್ತದೆ.

ಇದು ಯಾಕೆ ಹೀಗೆ ಅಂತ ಒಮ್ಮೆ ತಿಳಿದುಕೊಂಡರೆ ಮತ್ತೆ ಮರೆಯುವುದಿಲ್ಲ. ಬೇಸಿಗೆಯಲ್ಲಿ ಉತ್ತರ ಪೆಸಿಫಿಕ್ ಸಮುದ್ರದ ಮೇಲೆ ಗಾಳಿಯ ಒತ್ತಡ ಜಾಸ್ತಿ ಇರುತ್ತದೆ. ಚಂಡಮಾರುತಗಳಿಗೆ ಆಗ ಅಷ್ಟು ಬಲ ಇರುವುದಿಲ್ಲ. ಬೇಸಿಗೆ ಇಳಿಯುತ್ತಿದ್ದಂತೆ ಆ ಒತ್ತಡ ಸಡಿಲವಾಗಿ, ಅಲೂಶಿಯನ್ ದ್ವೀಪಗಳ ಕಡೆ ವಾಯುಭಾರ ಕುಸಿತ ಬಲವಾಗುತ್ತದೆ. ಅಲ್ಲಿಂದ ಒಂದರ ಹಿಂದೆ ಒಂದು ಮೋಡದ ದಂಡು ಬಂದು ಕರಾವಳಿಯ ಬೆಟ್ಟಗಳಿಗೆ ಬಡಿಯುತ್ತದೆ. ಗಾಳಿ ಬೆಟ್ಟ ಹತ್ತುತ್ತದೆ, ತಣಿಯುತ್ತದೆ, ಮಳೆ ಸುರಿಸುತ್ತದೆ. ಆಗುಂಬೆ ಘಾಟಿಯಲ್ಲಿ ಆಗುವುದೂ ಇದೇ ಕೆಲಸ. ಬೆಟ್ಟದ ಕೆಲಸ ಒಂದೇ, ತಿಂಗಳು ಮಾತ್ರ ಬೇರೆ. ನಮಗೆ ಮಳೆ ತರುವುದು ಮುಂಗಾರು ಗಾಳಿ. ಅದಕ್ಕೂ ಅಲಾಸ್ಕಾಕ್ಕೂ ಸಂಬಂಧವೇ ಇಲ್ಲ.

ಕೆಚಿಕನ್ ಅನ್ನುವ ಊರಿನ ಹಡಗುಕಟ್ಟೆಯ ಹತ್ತಿರ ಮಳೆ ಲೆಕ್ಕದ ದೊಡ್ಡ ಫಲಕವೊಂದನ್ನು ನಿಲ್ಲಿಸಿದ್ದಾರೆ. ಅದರಲ್ಲಿ 1949ರ ದಾಖಲೆ ಇದೆ: 202.55 ಇಂಚು. ಮಳೆಯನ್ನು ಇಂಚಿನಲ್ಲೇ ಲೆಕ್ಕ ಹಾಕುವ ನಮ್ಮ ತೋಟದವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಆಗುಂಬೆಯ ಸರಾಸರಿ ಸುಮಾರು 300 ಇಂಚು, ನಿಜ. ಆದರೆ ಜಡಿಮಳೆಯಲ್ಲಿ ಮಂಜು ಕವಿದರೆ ಆಗುಂಬೆಯಲ್ಲಿ ಸೂರ್ಯಾಸ್ತ ಕಾಣುತ್ತದಾ? ಅಲ್ಲಿ ಕ್ರೂಸ್‌ನವರು ನೋಡಲು ಹೋಗುವ ಹಿಮನದಿಯ ಕತೆಯೂ ಅಷ್ಟೇ, ಮೋಡ ಮಳೆ ಕವಿದರೆ ಕಾಣುವುದಿಲ್ಲ. ಇನ್ನು ಅದೇ ಕರಾವಳಿಯ ಸ್ಕ್ಯಾಗ್ವೆ ಅನ್ನುವ ಊರು ಬೆಟ್ಟದ ಮರೆಯಲ್ಲಿದೆ. ವರ್ಷಕ್ಕೆ 30 ಇಂಚಿನೊಳಗೇ ಮಳೆ. ಹಾಗಾಗಿ "ಅಲಾಸ್ಕಾ ಪೂರ್ತಿ ಮಳೆ" ಅನ್ನುವ ಮಾತೂ ತಪ್ಪು.

"ಮೇನಲ್ಲಿ ಚಳಿಗೆ ಸತ್ತೇ ಹೋಗ್ತೀವಿ" ಅನ್ನುವವರೂ ಇದ್ದಾರೆ. ಜೂನೋದಲ್ಲಿ ಮೇ ತಿಂಗಳ ಮಧ್ಯಾಹ್ನ ಸುಮಾರು 14 ಡಿಗ್ರಿ ಇರುತ್ತದೆ, ಜುಲೈನಲ್ಲಿ 18ರ ಆಸುಪಾಸು. ಆ ನಾಲ್ಕು ಡಿಗ್ರಿಗೆ ಒಂದು ಸ್ವೆಟರ್ ಸಾಕು. ಹವಾಯಿ ಕಡೆಯಿಂದ ಬರುವ ಹಂಪ್‌ಬ್ಯಾಕ್ ತಿಮಿಂಗಿಲಗಳು ಮೇ ಹೊತ್ತಿಗೆ ಬಂದಿರುತ್ತವೆ. ಬೆಟ್ಟದ ತುಂಬ ಹಿಮ ಇನ್ನೂ ಇರುತ್ತದೆ. ರಾತ್ರಿ ಒಂಬತ್ತಾದರೂ ಬೆಳಕು. ಒಂದು ತೊಂದರೆ ಹೇಳಲೇಬೇಕು: ಹಬ್ಬರ್ಡ್ ಹಿಮನದಿಯ ಮುಂದೆ ತೇಲುವ ಮಂಜುಗಡ್ಡೆ ಜಾಸ್ತಿ ಇದ್ದರೆ ಹಡಗು ದೂರದಲ್ಲೇ ನಿಲ್ಲಬಹುದು. ಕರಡಿ ತೊರೆಯಲ್ಲಿ ಸಾಲ್ಮನ್ ಮೀನು ಹಿಡಿಯುವುದನ್ನು ನೋಡಲೇಬೇಕು ಅನ್ನುವವರು ಜುಲೈ ಕೊನೆ, ಆಗಸ್ಟ್‌ಗೆ ಕಾಯಬೇಕು. ಉತ್ತರದ ಬೆಳಕು, ಅಂದರೆ ರಾತ್ರಿ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕು (ಅರೋರಾ), ನೋಡುವ ಆಸೆ ಇದ್ದರೆ ಮಾತ್ರ ಸೆಪ್ಟೆಂಬರ್, ಯಾಕಂದ್ರೆ ಅದಕ್ಕೆ ಕತ್ತಲೆ ಬೇಕು. ಆದರೆ ಮೋಡ ಕವಿದರೆ ಅದೂ ಕಾಣುವುದಿಲ್ಲ.

ನಿಮ್ಮ ತೋಟದ ಲೆಕ್ಕಕ್ಕೂ ಮೇ ತಿಂಗಳೇ ಸರಿ. ಮೊದಲರ್ಧದಲ್ಲಿ ಹೋಗಿಬಂದರೆ ಮಳೆ ಹಿಡಿದು ಮೊದಲ ಔಷಧಿ ಹೊಡೆಸುವ ಹೊತ್ತಿಗೆ ಮನೆಯಲ್ಲಿರುತ್ತೀರಿ. ಮೊಮ್ಮಕ್ಕಳು ಇಲ್ಲಿಯವರಾದರೆ ಶಾಲೆಗೂ ರಜೆ.

ಇಷ್ಟೆಲ್ಲ ಕೇಳುವವರು ವೀಸಾ ವಿಷಯ ಮಾತ್ರ ಕೇಳುವುದೇ ಇಲ್ಲ. ಅಮೆರಿಕದ ವೀಸಾ ಇದೆ, ಅಲಾಸ್ಕಾನೂ ಅಮೆರಿಕವೇ, ಮತ್ತೇನು ಅಂದುಕೊಂಡಿರುತ್ತಾರೆ. ಅಲ್ಲಿ 1886ರ ಒಂದು ಕಾನೂನು ಇದೆ. ಸಿಯಾಟಲ್‌ನಿಂದ ಹೊರಟು ಅಲ್ಲಿಗೇ ಮರಳುವ ವಿದೇಶಿ ಹಡಗು ನಡುವೆ ಬೇರೆ ದೇಶದ ಬಂದರೊಂದನ್ನು ಮುಟ್ಟಲೇಬೇಕು. ದೊಡ್ಡ ಕ್ರೂಸ್ ಹಡಗುಗಳು ಹೆಚ್ಚುಕಮ್ಮಿ ಎಲ್ಲವೂ ವಿದೇಶಿ ಬಾವುಟದವು. ಹಾಗಾಗಿ ಸಾಮಾನ್ಯವಾಗಿ ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಲ್ಲುತ್ತವೆ. ನೀವು ಹಡಗಿನಿಂದ ಇಳಿಯದಿದ್ದರೂ ಭಾರತದ ಪಾಸ್‌ಪೋರ್ಟ್‌ಗೆ ಕೆನಡಾ ವೀಸಾ ಬೇಕು. ಇಲ್ಲದಿದ್ದರೆ ಸಿಯಾಟಲ್‌ನಲ್ಲೇ ಹಡಗು ಹತ್ತಲು ಬಿಡುವುದಿಲ್ಲ. ಗ್ರೀನ್ ಕಾರ್ಡ್ ಇರುವ ಮಕ್ಕಳಿಗೆ ಈ ವೀಸಾ ಬೇಕಿಲ್ಲ. ಅದಕ್ಕೇ ಅಪ್ಪ ಅಮ್ಮನಿಗೆ ಬೇಕು ಅನ್ನುವುದು ಅವರಿಗೆ ಹೊಳೆಯುವುದೇ ಇಲ್ಲ. ಮೇ ತಿಂಗಳ ಕ್ರೂಸ್ ಆದರೆ ದೀಪಾವಳಿ ಕಳೆದ ಕೂಡಲೇ ಅರ್ಜಿ ಹಾಕಿ, ವೀಸಾ ಕೈಗೆ ಬಂದ ಮೇಲೆಯೇ ಟಿಕೆಟ್ ದುಡ್ಡು ಪೂರ್ತಿ ಕಟ್ಟಿ.