ಎಡ ಕಿಸೆಯಲ್ಲಿದ್ದ ಡಬ್ಬಿ

ಬದಿಯಡ್ಕ ಕಡೆಯ ಅಡಿಕೆ ಕೃಷಿಕರೊಬ್ಬರು ಪೇಸ್‌ಮೇಕರ್, ಅಂದರೆ ಹೃದಯದ ಬಡಿತ ಸರಿಯಿಡಲು ಎದೆಯ ಚರ್ಮದಡಿ ಕೂರಿಸುವ ಯಂತ್ರದ ತಪಾಸಣೆಗೆ ಬಂದಿದ್ದರು. ಫೋನು ಹೆಂಡತಿಯ ಚೀಲದಲ್ಲಿತ್ತು. "ಮುಟ್ಲಿಕ್ಕೇ ಹೆದರಿಕೆ ಡಾಕ್ಟ್ರೆ. ಮನೆಯ ವೈಫೈ ಕೂಡ ಆಫ್ ಮಾಡಿಸಿದ್ದೇನೆ" ಅಂದರು. ಅಂಗಿ ಬಿಚ್ಚುವಾಗ ಎಡ ಕಿಸೆಯಿಂದ ಒಂದು ಸಣ್ಣ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಇಯರ್‌ಬಡ್ಸ್! ಫೋನು ದೂರ ಇಟ್ಟು ಯಕ್ಷಗಾನ ಕೇಳ್ಲಿಕ್ಕೆ ಮೊಮ್ಮಗಳು ಕೊಟ್ಟದ್ದಂತೆ.

ಆ ಡಬ್ಬಿಯ ಮುಚ್ಚಳ ಟಕ್ ಅಂತ ಕೂರುತ್ತದಲ್ವಾ? ಒಳಗೆ ಅಯಸ್ಕಾಂತ ಉಂಟು. ನನಗೆ ಜಾಸ್ತಿ ಚಿಂತೆ ಅದರದ್ದೇ. ಫೋನಿನ ಸಿಗ್ನಲ್ಲನ್ನು ಈಗಿನ ಪೇಸ್‌ಮೇಕರ್‌ನ ಲೋಹದ ಕವಚ, ಒಳಗಿನ ಫಿಲ್ಟರುಗಳು ಚೆನ್ನಾಗಿಯೇ ತಡೆಯುತ್ತವೆ. ವೈಫೈಗೆ ಸುಮ್ನೆ ಹೆದರಬೇಡಿ.

ಅಯಸ್ಕಾಂತದ ಕತೆ ಬೇರೆ. ಅದಕ್ಕೆ ಸ್ಪಂದಿಸುವ ಸ್ವಿಚ್ಚನ್ನು ತಯಾರಕರು ಬೇಕೆಂದೇ ಇಟ್ಟಿರುತ್ತಾರೆ. ಬ್ಯಾಟರಿ ನೋಡಲು ನಾವೇ ಎದೆಯ ಮೇಲೆ ಅಯಸ್ಕಾಂತ ಇಡುವುದುಂಟು. ಸುಮಾರು 10 ಗಾಸ್ (ಅಯಸ್ಕಾಂತದ ಬಲದ ಅಳತೆ) ಬಲ ತಾಗಿದರೆ ಸಾಕು, ಪೇಸ್‌ಮೇಕರ್ ಹೃದಯದ ಸ್ವಂತ ಬಡಿತ ಗಮನಿಸುವುದನ್ನು ಬಿಟ್ಟು, ನಿಮಿಷಕ್ಕೆ 85 ಅಥವಾ 100 ಹೀಗೆ ಒಂದೇ ಲಯದಲ್ಲಿ ಹೊಡೆಯುತ್ತದೆ. ದೂರ ಮಾಡಿದರೆ ಮೊದಲಿನಂತೆ.

ಐಸಿಡಿ, ಅಂದರೆ ಅಪಾಯದ ಬಡಿತಕ್ಕೆ ಶಾಕ್ ಕೊಡುವ ಯಂತ್ರ ಇದ್ದವರಿಗೆ ನಾನು ಎರಡೆರಡು ಸಲ ಹೇಳುತ್ತೇನೆ. ಅಯಸ್ಕಾಂತ ಹತ್ತಿರ ಇರುವಷ್ಟು ಹೊತ್ತು ಅದು ಸಾಮಾನ್ಯವಾಗಿ ಶಾಕ್ ಕೊಡುವುದಿಲ್ಲ. ಬೇಕಾದ ಹೊತ್ತಿಗೇ ಸುಮ್ಮನಿದ್ದರೆ? 2020ರಲ್ಲಿ ಬಂದ ಐಫೋನ್ 12ರ ಬೆನ್ನಲ್ಲಿ ಚಾರ್ಜಿಂಗ್‌ಗಾಗಿ ಅಯಸ್ಕಾಂತದ ಉಂಗುರ ಇತ್ತು. ಅದನ್ನು ರೋಗಿಯ ಎದೆಯ ಮೇಲಿಟ್ಟಾಗ ಐಸಿಡಿ ಹೀಗೆ ಸುಮ್ಮನಾದದ್ದನ್ನು 2021ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದರು. ಮಡಚುವ ಫೋನ್ ಕವರಿನಲ್ಲೂ ಅಯಸ್ಕಾಂತ ಇರುತ್ತದೆ, ನೋಡಿಕೊಳ್ಳಿ.

ಹಾಗಾದರೆ ಫೋನು, ಡಬ್ಬಿ ಎದೆಯ ಯಂತ್ರದಿಂದ ಎಷ್ಟು ದೂರ ಇರಬೇಕು? 15 ಸೆಂಟಿಮೀಟರ್. ಒಂದು ಗೇಣು ಅಂತಿಟ್ಟುಕೊಳ್ಳಿ. ವೈರಿಲ್ಲದೆ ಚಾರ್ಜ್ ಆಗುತ್ತಿದ್ದರೆ 30. ಫೋನು ಪ್ಯಾಂಟಿನ ಕಿಸೆಯಲ್ಲೋ ಲುಂಗಿಯ ಮಡಿಲಲ್ಲೋ ಇರಲಿ, ಎದೆಯ ಮೇಲಿಟ್ಟು ಮಲಗಬೇಡಿ.

ತೋಟದಲ್ಲಿ ಹುಲ್ಲು ಹೊಡೆಯುವ ಯಂತ್ರದ ಇಂಜಿನ್ 30 ಸೆಂಟಿಮೀಟರ್ ಆಚೆ ಇರಬೇಕು. ಇಂಡಕ್ಷನ್ ಒಲೆಗೆ 60. ಅದರ ಮೇಲೆ ಬಗ್ಗಿ ಸಾರಿನ ಪರಿಮಳ ನೋಡುವ ಅಭ್ಯಾಸ ಇದ್ದರೆ ಬಿಡಿ.

ಯಾವುದಾದರೂ ಯಂತ್ರದ ಹತ್ತಿರ ತಲೆ ತಿರುಗಿದರೆ, ಎದೆ ಡವಡವ ಅಂದರೆ ಮೊದಲು ಅಲ್ಲಿಂದ ದೂರ ಬನ್ನಿ. ಆಮೇಲೆ ನಮಗೆ ಫೋನು ಮಾಡಿ. ಪೇಸ್‌ಮೇಕರ್ ಎಡಗಡೆ ಇದ್ದರೆ ಬಲ ಕಿವಿಗೆ ಹಿಡಿದು.