ಚಿಕ್ಕಬಳ್ಳಾಪುರದಲ್ಲಿ ಎಫ್‌ಎಂ ಸುಂಯ್‌ಗುಟ್ಟುವುದೇಕೆ?

ಬೋರ್‌ವೆಲ್ ಮೋಟರಿನ ಸ್ಟಾರ್ಟರ್ ಎಳೆದರೆ ಸಾಕು, ಎಎಂ ಪದ್ಧತಿಯಲ್ಲಿ ಬರುವ 612 ಕಿಲೋಹರ್ಟ್ಸ್‌ನ ಬೆಂಗಳೂರು ಆಕಾಶವಾಣಿ ಕರಕರ ಅನ್ನುತ್ತದೆ. ಪಕ್ಕದ ಎಫ್‌ಎಂ ಸೆಟ್ಟಿಗೆ ಅದರ ಬಾಧೆ ಕಡಿಮೆ. ಎಎಂನಲ್ಲಿ ದನಿ ಕೂತಿರುವುದು ಅಲೆಯ ಎತ್ತರದಲ್ಲಿ. ಕಿಡಿ, ಸಿಡಿಲು ಕೆಡಿಸುವುದೂ ಅದನ್ನೇ. ಎಫ್‌ಎಂನಲ್ಲಿ ದನಿ ಇರುವುದು ಆವರ್ತನದ (ಅಲೆ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬುದರ) ಓಲಾಟದಲ್ಲಿ. ಎತ್ತರದ ಏರುಪೇರನ್ನು ಸೆಟ್ಟಿನ ಲಿಮಿಟರ್ ಕತ್ತರಿಸಿಹಾಕುತ್ತದೆ.

ಆದರೆ ಲಿಮಿಟರ್ ಒಂದರಿಂದಲೇ ಬಂದ ಲಾಭವಲ್ಲ ಇದು. ಎಫ್‌ಎಂನಿಂದ ಬ್ಯಾಂಡ್ (ಪ್ರಸಾರ ಹಿಡಿಯುವ ಆವರ್ತನದ ಜಾಗ) ಉಳಿತಾಯವಾಗದು ಎಂದು 1922ರಲ್ಲಿ ಅಮೆರಿಕದ ಎಂಜಿನಿಯರ್ ಜಾನ್ ಕಾರ್ಸನ್ ಗಣಿತದಿಂದಲೇ ತೋರಿಸಿದ್ದರು. ಬ್ಯಾಂಡ್ ಕಿರಿದಾದಷ್ಟೂ ಗದ್ದಲ ಕಡಿಮೆ ಎಂಬುದು ಆ ಕಾಲದ ನಂಬಿಕೆ. ಅಮೆರಿಕದ ರೇಡಿಯೋ ಸಂಶೋಧಕ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಬೇಕೆಂದೇ ಅದನ್ನು ಅಗಲ ಮಾಡಿದರು. 1933ರ ಡಿಸೆಂಬರ್ 26ರಂದು ಪೇಟೆಂಟ್ ಬಂತು. ಮರುವರ್ಷ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ಮೇಲಿಂದ ಪ್ರಯೋಗ ನಡೆಯಿತು.

ಅಗಲಕ್ಕೆ ಸಿಕ್ಕ ಫಲ ನೋಡಿ. ಆವರ್ತನದ ಓಲಾಟ 75 ಕಿಲೋಹರ್ಟ್ಸ್, ದನಿಯ ಅತಿ ಹೆಚ್ಚಿನ ಆವರ್ತನ 15, ಅನುಪಾತ 5. ಅಷ್ಟೇ ಶಕ್ತಿಯ ವಾಹಕ (ದನಿಯನ್ನು ಹೊತ್ತು ತರುವ ಅಲೆ) ಇರುವ ಎಎಂಗೆ ಹೋಲಿಸಿದರೆ ಗದ್ದಲದ ಮೇಲಿನ ಗೆಲುವು 3×5², ಅಂದರೆ 75 ಪಟ್ಟು, ಸುಮಾರು 19 ಡೆಸಿಬೆಲ್. ಬದಲಿಗೆ 180 ಕಿಲೋಹರ್ಟ್ಸ್ ಜಾಗ ಕೊಡಬೇಕು. (ಈ ಜಾಗದ ಲೆಕ್ಕಕ್ಕೆ ನಾವು ಬಳಸುವ ಸೂತ್ರ ಕಾರ್ಸನ್ನರದೇ!)

ಈ ಗೆಲುವಿಗೊಂದು ಹೊಸ್ತಿಲಿದೆ. ಸೆಟ್ಟಿಗೆ ಬರುವ ವಾಹಕ ಗದ್ದಲಕ್ಕಿಂತ ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು, ಮೇಲಿರಬೇಕು. ಕೆಳಗಿಳಿದರೆ ಗದ್ದಲ ಕ್ಷಣಕಾಲ ವಾಹಕವನ್ನೇ ನುಂಗಿ ಟಪ್ ಟಪ್ ಅನ್ನಿಸುತ್ತದೆ; ಇನ್ನೂ ಇಳಿದರೆ ಬರೀ ಸುಂಯ್. ಎಎಂ ಹಾಗೆ ಮೆಲ್ಲಗೆ ಸೊರಗುವುದು ಎಫ್‌ಎಂ ಜಾಯಮಾನವಲ್ಲ. ಬೆಂಗಳೂರಿನ ಕಡೆಗೆ ನಂದಿಬೆಟ್ಟದ ಸಾಲು ಅಡ್ಡವಿರುವ ಚಿಕ್ಕಬಳ್ಳಾಪುರದ ಸುತ್ತ, ಮೂರು ಮೀಟರ್ ಉದ್ದದ ಎಫ್‌ಎಂ ಅಲೆ ಬೆಟ್ಟದ ನೆರಳಲ್ಲಿ ಬಡವಾಗುತ್ತದೆ. ವಾಲ್ಯೂಮ್ ಏರಿಸಿದರೆ ಏರುವುದು ಸುಂಯ್ ಮಾತ್ರ.

ಮೊದಲು ಸೆಟ್ಟನ್ನು ಮೋನೋಗೆ, ಅಂದರೆ ಎಡ–ಬಲ ಬೇರೆ ಮಾಡದ ಒಂದೇ ದನಿಗೆ, ತಿರುಗಿಸಿ. ಸ್ಟೀರಿಯೋಗೆ 20 ಡೆಸಿಬೆಲ್‌ಗೂ ಹೆಚ್ಚು ಗದ್ದಲದ ದಂಡ ಬೀಳುತ್ತದೆ. ಕಾಸು ಖರ್ಚಿಲ್ಲದ ಪರಿಹಾರವಿದು. ಸಾಲದಿದ್ದರೆ 101.3 ಮೆಗಾಹರ್ಟ್ಸ್‌ನ ಆಕಾಶವಾಣಿ ಎಫ್‌ಎಂ ರೇನ್‌ಬೋಗೆ ಡೈಪೋಲ್ ಆಂಟೆನಾ ಕಟ್ಟಿ: 70 ಸೆಂಟಿಮೀಟರಿನ ಎರಡು ಅಲ್ಯೂಮಿನಿಯಂ ಕೊಳವೆ, ನಡುವೆ ಎರಡು ಸೆಂಟಿಮೀಟರ್ ಅಂತರ. ಟಿವಿಯ 75 ಓಮ್ ಕೇಬಲಿನ ಒಳತಂತಿ ಒಂದಕ್ಕೆ, ಜಾಲರಿ ಇನ್ನೊಂದಕ್ಕೆ. ಬೆಂಗಳೂರು ದಕ್ಷಿಣಕ್ಕಿರುವುದರಿಂದ ಕೊಳವೆಗಳು ಪೂರ್ವ–ಪಶ್ಚಿಮಕ್ಕಿರಲಿ. ಅಡ್ಡಲಾಗಿ ಕಟ್ಟಿ ಸರಿಬಾರದಿದ್ದರೆ ನೆಟ್ಟಗೆ ನಿಲ್ಲಿಸಿ ನೋಡಿ. ‘ಸ’, ‘ಶ’ ಹರಿದಂತೆ ಕೇಳಿಸಿದರೆ ಅದು ಬೆಟ್ಟಕ್ಕೆ ಬಡಿದು ಬಂದ ಅಲೆಯ ಕಾಟ. ಡೈಪೋಲನ್ನು ತುಸು ತುಸುವೇ ತಿರುಗಿಸುತ್ತಾ ಹೋಗಿ.

ಜಾಯಿಂಟಿಗೆ ಟೇಪ್ ಸುತ್ತದೆ ಬಿಟ್ಟರೆ ಮಳೆನೀರು ಜಾಲರಿಯೊಳಗೆ ಇಳಿದು ಕಿಲುಬು ಹಿಡಿಯುತ್ತದೆ. ಬೂಸ್ಟರ್ ಹಾಕುವುದಾದರೆ ಕಂಬದ ಮೇಲೆಯೇ ಹಾಕಿ. ಕೆಳಗೆ ಸೆಟ್ಟಿನ ಹತ್ತಿರ ಇಟ್ಟರೆ, ಕೇಬಲಿನಲ್ಲಿ ಸೊರಗಿ ಬಂದ ಸಿಗ್ನಲ್ಲಿಗೆ ತನ್ನ ಗದ್ದಲವನ್ನೂ ಸೇರಿಸಿ ಎರಡನ್ನೂ ಒಟ್ಟಿಗೆ ಏರಿಸುತ್ತದೆ.