ಪದ ಪರಿಚಯ: ನಾಮಧಾರಿ ಕ್ರೈಸ್ತ

ಹುಬ್ಬಳ್ಳಿ-ಧಾರವಾಡ, ಗದಗ ಕಡೆ ಕ್ರೈಸ್ತರ ಮನೆಯಲ್ಲಿ ಬೆಳೆದವರು ಈ ಮಾತನ್ನು ಕೇಳಿಯೇ ಇರುತ್ತಾರೆ. ‘ಅವರೆಲ್ಲ ಬರೀ ನಾಮಧಾರಿಗಳು.’ ಕನ್ನಡದಲ್ಲಿ ನಾಮಧಾರಿ ಅಂದರೆ ಹಣೆಗೆ ನಾಮ ಇಡುವವರು ಅಂತಲೂ ಇದೆ. ಇಲ್ಲಿ ನಾಮ ಅಂದರೆ ಹೆಸರು. ಹೆಸರು ಸಮುವೇಲ, ಭಾನುವಾರ ಚರ್ಚು, ಡಿಸೆಂಬರಿನಲ್ಲಿ ಕೇಕು. ಆದರೆ ಒಳಗೆ ನಂಬಿಕೆ ಇಲ್ಲ ಅನ್ನೋದು ಈ ಪದದ ಅರ್ಥ.

ಇದನ್ನು ಜಾಸ್ತಿ ಹೇಳುವವರು ಪೆಂತೆಕೋಸ್ತ್ ಸಭೆಗಳವರು (ಸಭೆ ಅಂದರೆ ಇಲ್ಲಿ ಚರ್ಚು). ಹೇಳಿಸಿಕೊಳ್ಳುವವರು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟಂಟ್ ಸಭೆ), ಆರ್.ಸಿ. (ರೋಮನ್ ಕ್ಯಾಥೋಲಿಕ್) ಸಭೆಯವರು. ದೀಕ್ಷಾಸ್ನಾನದ, ಅಂದರೆ ನೀರಿನಿಂದ ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ವಿಧಿಯ, ವಿಷಯ ಬಂದಾಗಲೇ ಮಾತು ಖಾರವಾಗೋದು. ಸಿ.ಎಸ್.ಐ., ಕ್ಯಾಥೋಲಿಕ್ ಎರಡರಲ್ಲೂ ಕೂಸಿನ ತಲೆಗೆ ನೀರು ಹಾಕಿ ದೀಕ್ಷಾಸ್ನಾನ ಕೊಡುತ್ತಾರೆ. ಪೆಂತೆಕೋಸ್ತ್‌ನವರಲ್ಲಿ ಹಾಗಲ್ಲ. ತಿಳಿವಳಿಕೆ ಬಂದ ಮೇಲೆ ತಾನಾಗಿ ಒಪ್ಪಬೇಕು, ನೀರಲ್ಲಿ ಪೂರ್ತಿ ಮುಳುಗಿ ಏಳಬೇಕು. ನಂಬಿಕೆ ಅನ್ನೋದು ಹೊಲಮನೆ ಥರ ಅಪ್ಪನಿಂದ ಮಗನಿಗೆ ಬರೋದಲ್ಲ ಅಂತಾರೆ ಅವರು. ಈ ಮಾತಿನಲ್ಲಿ ತೂಕ ಇದೆ, ನಾನು ಒಪ್ಪುತ್ತೇನೆ. ಆದರೆ ಮುಳುಗದವರಿಗೆಲ್ಲ ನಂಬಿಕೆಯೇ ಇಲ್ಲ ಅಂದುಬಿಡೋದು ಬೇರೆ ಮಾತು, ಅಲ್ವಾ?

ನಮ್ಮ ಕಡೆ ಕ್ರೈಸ್ತಧರ್ಮ ಸಾರಿದ ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆ ಬಾಸೆಲ್ ಮಿಶನ್ ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಗದಗಿನ ಪಕ್ಕದ ಬೆಟಗೇರಿಗೆ 1841ರಲ್ಲಿ. ಆ ಕಾಲದಲ್ಲಿ ಕ್ರೈಸ್ತರಾದವರಲ್ಲಿ ಮನೆ, ಜಾತಿ, ನೆಂಟರು ಎಲ್ಲ ಬಿಟ್ಟು ಬಂದವರಿದ್ದರು. ಅವರಿಗೆ ಆ ಹೆಸರು ಸುಮ್ನೆ ಸಿಕ್ಕಿರಲಿಲ್ಲ. ನಮಗೆ ಹುಟ್ಟುತ್ತಲೇ ಸಿಕ್ಕಿತು, ಅದೂ ನಿಜ.

ನಾನು ಸಿ.ಎಸ್.ಐ. ಮನೆಯವನು. ನಮ್ಮವರ ಬಾಯೂ ಸುಮ್ಮನಿರೋದಿಲ್ಲ. ಪೆಂತೆಕೋಸ್ತ್‌ನವರನ್ನು ‘ಚಪ್ಪಾಳೆ ಮಂದಿ’ ಅಂತೀವಿ. ಕ್ಯಾಥೋಲಿಕರನ್ನು ‘ಮೂರ್ತಿಗೆ ಕೈ ಮುಗಿಯೋರು’ ಅಂತೀವಿ. ಅದೇ ಕ್ಯಾಥೋಲಿಕ್ ಸಭೆ 1964ರಲ್ಲಿ, ಎರಡನೇ ವ್ಯಾಟಿಕನ್ ಮಹಾಸಭೆ ಅನ್ನುವ ತನ್ನ ಬಿಷಪ್ಪರ ಕೂಟದಲ್ಲಿ, ಬೇರೆ ಸಭೆಗಳಲ್ಲಿ ದೀಕ್ಷಾಸ್ನಾನ ಆದವರೂ ಕರ್ತನಲ್ಲಿ ಸಹೋದರರೇ ಅಂತ ಒಪ್ಪಿ ಬರೆದಿದೆ. ನಮ್ಮಲ್ಲಿ ಎಷ್ಟೋ ಮಂದಿಗೆ ಇದು ಗೊತ್ತೇ ಇಲ್ಲ. ಅದು ನನಗೆ ನೋವಿನ ಸಂಗತಿ.

ಹೆಸರು ಮಾತ್ರ ಇದ್ದು ಜೀವ ಇಲ್ಲದಿರುವುದು ಅನ್ನುವ ವಿಚಾರ ಬೈಬಲ್‌ನಲ್ಲೇ ಇದೆ. ಅದರ ಕೊನೆಯ ಪುಸ್ತಕ ಪ್ರಕಟನೆಯ 3ನೇ ಅಧ್ಯಾಯದಲ್ಲಿ ಸಾರ್ದಿಸ್ ಊರಿನ ಸಭೆಗೆ ಬಂದ ಮಾತು ಅದು: ಬದುಕಿದ್ದೀ ಅನ್ನುವ ಹೆಸರು ನಿನಗಿದೆ, ಆದರೆ ಸತ್ತಿದ್ದೀ. ಯಾರು ಯಾರಿಗೆ ಹೇಳಿದ್ದು ನೋಡಿ. ಕ್ರಿಸ್ತನು ತನ್ನದೇ ಸಭೆಗೆ, ಮುಖಕ್ಕೆ ಮುಖ ಕೊಟ್ಟು, ‘ನೀನು’ ಅಂತ ಹೇಳಿದ್ದು. ಪಕ್ಕದ ಸಭೆಯ ಬಗ್ಗೆ ‘ಅವರು’ ಅಂತ ಆಡಿದ್ದಲ್ಲ.

ಬೆಟಗೇರಿಯ ನಮ್ಮ ಅಜ್ಜಿಗೆ ಆಗ 80 ದಾಟಿತ್ತು. ಹಾಡಿನ ಪುಸ್ತಕವನ್ನು ಹಳೆ ಸೀರೆ ತುಂಡಿನಲ್ಲಿ ಸುತ್ತಿ ತಲೆದಿಂಬಿನ ಹತ್ತಿರ ಇಡುತ್ತಿದ್ದಳು. ಹೊಸ ಸಭೆಗೆ ಹೋಗತೊಡಗಿದ್ದ ನನ್ನ ಚಿಕ್ಕಪ್ಪನ ಮಗ ಒಂದು ದಿನ ಚಹಾ ಕುಡಿಯುತ್ತ ಅಂದುಬಿಟ್ಟ: “ಅಜ್ಜಿ, ನೀ ಇನ್ನೂ ನಾಮಧಾರಿನ. ಮುಳುಗಿ ದೀಕ್ಷಾಸ್ನಾನ ತಗೊಂಡಿಲ್ಲ.” ಅಜ್ಜಿ ಏನೂ ಅನ್ನಲಿಲ್ಲ. ಅವನ ಬಸಿಗೆ ಇನ್ನಷ್ಟು ಚಹಾ ಸುರಿದಳು.

ರಾತ್ರಿ ನನ್ನನ್ನು ಕೇಳಿದಳು: “ನಾ ಖರೇನ ನಾಮಧಾರಿ ಏನಪಾ?”

“ಛೇ, ಅಲ್ಲ ಬಿಡು ಅಜ್ಜಿ” ಅಂದೆ.

“ನಿನಗೇನ್ ಗೊತ್ತಾಗ್ತದ. ಅದನ್ನ ನಾ ದೇವರನ್ನ ಕೇಳಬೇಕು” ಅಂದು ದೀಪ ಆರಿಸಲು ಹೇಳಿದಳು. ಅವತ್ತು ಕತ್ತಲಲ್ಲಿ ಬಹಳ ಹೊತ್ತು ಆಕೆಯ ಪ್ರಾರ್ಥನೆ ಕೇಳಿಸುತ್ತಿತ್ತು. ನಡುವೆ ಆ ಹುಡುಗನ ಹೆಸರೂ ಬಂತು.